ತಳದಲ್ಲೊಂದು ಪೆನ್ನಿ

ದೋಣಿ ಎಲ್ಲಿ ಸೋರುತ್ತದೆಂದು ತಿಳಿಯಬೇಕಾದರೆ
ಅದನ್ನು ನೀರಿಗಿಳಿಸುವುದಲ್ಲ,
ನೀರನ್ನೇ ಅದರೊಳಗೆ ಇಳಿಸಬೇಕು.
ಹೀಗೆಂದವನು ಪಕ್ಕದ ಮನೆಯ ಲೂಸಿಯನ್,
ಹದಿನೇಳರ ಹುಡುಗ. ಒಂದು ಕಾಲಕ್ಕೆ
ನಾನು ಓಡಿಸುತ್ತಿದ್ದ ಶಾಲೆಯ ಬಸ್ಸಿನ ಕೊನೇ ಸೀಟಲ್ಲಿ ಕೂತು
ಕಿಟಕಿಗೆ ಚ್ಯೂಯಿಂಗ್ ಗಮ್ ಅಂಟಿಸುತ್ತಿದ್ದವನು.

ಎರಡು ಮರದ ಸ್ಟ್ಯಾಂಡುಗಳ ಮೇಲೆ ದೋಣಿ.
ಹದಿನಾಲ್ಕಡಿ, ಅಲ್ಯೂಮಿನಿಯಂ,
ಹಸಿರು ಬಣ್ಣ ಹೋದಲ್ಲೆಲ್ಲ ಹಳೇ ಪಾತ್ರೆಯ ಬೂದು.
ಮೇ ತಿಂಗಳು. ವಿನಿಪೆಗ್ ಸರೋವರದ ಐಸು
ಇನ್ನೂ ಪೂರ್ತಿ ಹೊರಟಿಲ್ಲ;
ಹೊರಟೆವು ಹೊರಟೆವು ಎನ್ನುತ್ತ
ಹೊಸ್ತಿಲಲ್ಲಿ ಮಾತು ಬೆಳೆಸುವ ನೆಂಟರ ಹಾಗೆ.

ಮೊದಲು ಕೊಳೆತ ಪ್ಲೈವುಡ್ ಕಿತ್ತೆವು.
ಅಡಿಯಲ್ಲಿ ಒಣಗಿದ ಮೀನಿನ ಹುರುಪೆ,
ತುಕ್ಕು ಹಿಡಿದ ಒಂಬತ್ತು ಗಾಳ,
ಕನ್ನಡಕದ ಒಂದೇ ಒಂದು ಗಾಜು,
ಮತ್ತೆ, ಹಿಂಬದಿಯ ಪಕ್ಕೆಲುಬಿನ ಸಂದಿಯಲ್ಲಿ
ಸುಣ್ಣದಂಥ ಬಿಳಿ ಪುಡಿಯ ನಡುವೆ
ಕಚ್ಚಿಕೊಂಡು ಕೂತ ಪೆನ್ನಿ.
ರಾಣಿಗಿನ್ನೂ ಹರೆಯ. ಸಾವಿರದ ಒಂಬೈನೂರ ಅರವತ್ತೆರಡು.

ಚಾಕುವಿನಿಂದ ಎಬ್ಬಿಸಿ, ಹೋಸ್ ಬಿಟ್ಟೆವು.
ರಿವೆಟ್ಟುಗಳೆಲ್ಲ ಗಟ್ಟಿ. ಒಂದೂ ಹನಿಯಲಿಲ್ಲ.
ನಾಣ್ಯ ಕೂತಿದ್ದ ಜಾಗದಿಂದ ಮಾತ್ರ
ಸಾಸಿವೆಯಷ್ಟು ತೂತಿನಿಂದ
ತೊಟ್ಟು, ತೊಟ್ಟು,
ಹುಲ್ಲಿನ ಮೇಲೆ, ಯಾವ ಗಡಿಬಿಡಿಯೂ ಇಲ್ಲದೆ.

'ತಾಮ್ರ,' ಎಂದ ಲೂಸಿಯನ್. ವೆಲ್ಡಿಂಗ್ ಕ್ಲಾಸಿನ ವಿದ್ಯೆ.
'ಅದಕ್ಕೂ ಅಲ್ಯೂಮಿನಿಯಮ್ಮಿಗೂ ಆಗಿಬರಲ್ಲ.
ನಡುವೆ ಒದ್ದೆ ಇದ್ದರೆ ಸಾಕು, ತಿಂದುಬಿಡತ್ತೆ.'

ಅಷ್ಟರಲ್ಲಿ ಕಾಫಿಯ ಫ್ಲಾಸ್ಕ್ ಹಿಡಿದು ಬಂದಳು ಯೋರುನ್,
ನನಗೆ ಈ ದೋಣಿ ಮಾರಿದವಳು, ಸ್ಕಾಪ್ಟಿಯ ಹೆಂಡತಿ.
ನಾಣ್ಯ ನೋಡಿದಳು.
'ಅದು ನಾನಿಟ್ಟಿದ್ದು. ಹೊಸ ದೋಣಿಯ ಹಿಂದಿನ ರಾತ್ರಿ,
ಅವನು ಮಲಗಿದ ಮೇಲೆ. ಹೇಳಿರಲಿಲ್ಲ.
ಹೇಳಿದರೆ ಫಲ ಹೋಗತ್ತೆ.
ಮೂವತ್ತೊಂದು ವರ್ಷ ಹೋದ, ಮೂವತ್ತೊಂದು ವರ್ಷವೂ ಬಂದ.
ಸತ್ತಿದ್ದು ದಡದಲ್ಲಿ, ಬ್ಯಾಂಕಿನ ಕ್ಯೂನಲ್ಲಿ ನಿಂತು.'

ಊರಿಗೆಲ್ಲ ಗೊತ್ತು ಸ್ಕಾಪ್ಟಿಯ ಸೋರುವ ದೋಣಿ.
ಸಂಜೆ ಸಂಜೆ ಕಾಫಿ ಡಬ್ಬಿಯಲ್ಲಿ ನೀರು ಮೊಗೆಯುತ್ತ
ಐಸ್‌ಲ್ಯಾಂಡಿನ ಬೈಗುಳವನ್ನೆಲ್ಲ ಸರೋವರಕ್ಕೆ ಕಲಿಸಿದವನು.
ಅಂಚಿನ ರಿವೆಟ್ಟು ಮೂರು ಸಲ ಬದಲಿಸಿದ್ದ.
ನೆಲ ಕಿತ್ತು ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಲೂಸಿಯನ್ ಬಾಯಿ ತೆರೆದ.
ನಾನು ಅವನ ಬೂಟು ತುಳಿದೆ.

'ತೂತು ಯಾಕಾಯಿತು?'
'ಹಳೇದಾಯಿತಲ್ಲ, ಯೋರುನ್.'
'ಹಳೇದಾದರೆ ಎಲ್ಲಾ ಕಡೆ ಹಳೇದಾಗಬೇಕು.
ಒಂದೇ ಕಡೆ ಯಾಕೆ?'

ಪುಡಿ ಬಿಟ್ಟುಹೋದ ಉಂಗುರದೊಳಗೆ
ಅವಳೇ ಪೆನ್ನಿ ಇಟ್ಟು ನೋಡಿದಳು. ಸರಿಯಾಗಿ ಕೂತಿತು.
ಬಹಳ ಹೊತ್ತು ಯಾರೂ ಏನೂ ಅನ್ನಲಿಲ್ಲ.
ನನ್ನ ಕಾಫಿ ಆರಿತು.

ತೇಪೆಯ ರಿವೆಟ್ಟಿಗೆ ಇಬ್ಬರು ಬೇಕು:
ಒಳಗಿಂದ ಸುತ್ತಿಗೆ ಹೊಡೆಯಲೊಬ್ಬರು,
ಹೊರಗಿಂದ ಭಾರದ ಕಬ್ಬಿಣ ಒತ್ತಿ ಹಿಡಿಯಲೊಬ್ಬರು.
ಯೋರುನ್ ಬಕೆಟ್ ಬೋರಲು ಹಾಕಿ
ದೋಣಿಯ ಹೊಟ್ಟೆಯಡಿ ಕೂತು ಕಬ್ಬಿಣ ಎತ್ತಿಕೊಂಡಳು.
'ಹೊಡಿ,' ಎಂದಳು. ಹೊಡೆದೆ.
ಆರು ರಿವೆಟ್ಟು. ಪ್ರತಿ ಏಟೂ ತಗಡು ದಾಟಿ ಅವಳ ಮಣಿಕಟ್ಟಿಗೆ
ಹೋಗುವುದು ನನ್ನ ಕೈಗೆ ತಿಳಿಯುತ್ತಿತ್ತು.
ಮೆಲ್ಲಗೆ ಹೊಡೆದಾಗ ಗದರಿದಳು.

ಆಮೇಲಿನದೆಲ್ಲ ಸುಲಭ, ಬರಿಯ ದುಡ್ಡಿನ ಕೆಲಸ.
ಹೊಸ ನೆಲ, ಬೂದು ಕಾರ್ಪೆಟ್ಟು, ಬ್ಯಾಟರಿಗೆ ಪೆಟ್ಟಿಗೆ,
ಗಾಳದ ಕೋಲು ನಿಲ್ಲಿಸಲು ಎರಡು ಕೊಳವೆ,
ತಳ ಎಷ್ಟು ಅಡಿ ಎಂದು ಹೇಳುವ ಪುಟ್ಟ ಪರದೆ.
ತಿರುಗುವ ಕುರ್ಚಿಯನ್ನು ಎತ್ತರಕ್ಕೆ ಹಾಕಿ
ಒಮ್ಮೆ ಹೆಚ್ಚೂಕಮ್ಮಿ ಮಗುಚಿಬಿದ್ದೆ; ಕುಯ್ದು ತಗ್ಗಿಸಿದೆ.

ನೀರಿಗಿಳಿಸುವ ಬೆಳಿಗ್ಗೆ ಯೋರುನ್ ಬಂದಳು.
ಪೆನ್ನಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು,
ಚೀಲವನ್ನು ಇನ್ನೊಂದು ಚೀಲದಲ್ಲಿಟ್ಟು,
ಟೇಪು ಸುತ್ತಿ,
ನನ್ನ ಲೈಫ್ ಜಾಕೆಟ್ಟಿನ ಜೇಬಿಗೆ ತುರುಕಿದಳು.
ಲೂಸಿಯನ್ ಕಡೆ ತಿರುಗಿ
'ಇಲ್ಲಿದ್ದರೆ ಏನನ್ನೂ ತಿನ್ನಲ್ಲ ತಾನೆ?' ಎಂದಳು.
ಅವನು ತನ್ನ ಬೂಟು ನೋಡಿಕೊಂಡ.

ದಿನವಿಡೀ ಒಂದು ಪಿಕರೆಲ್ಲೂ ಕಚ್ಚಲಿಲ್ಲ.
ನೆಲ ಒಣಗಿದ್ದೇ ಒಣಗಿದ್ದು.
ಸಂಜೆ ಆರಕ್ಕೆ, ಅಭ್ಯಾಸವಿಲ್ಲದ ನನ್ನ ಕೈಯೂ
ಸ್ಕಾಪ್ಟಿಯ ಡಬ್ಬಿಗಾಗಿ ತಡಕಾಡಿತು.